ಮೋಯಾರ್ ಕಣಿವೆಯ ಸುತ್ತ: ತಾಳವಾಡಿಯಿಂದ ಮುದುಮಲೈಗೆ

ತಾಳವಾಡಿಯಿಂದ ಮುದುಮಲೈಗೆ ಹೋಗಲು ಎರಡು ದಾರಿ ಇವೆ. ಸುಲಭದ್ದು ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರದ ಮೇಲೆ. ತಮಿಳುನಾಡಿನಿಂದ ಹೊರಟು, ಕರ್ನಾಟಕ ದಾಟಿ, ಮತ್ತೆ ತಮಿಳುನಾಡಿಗೇ ಹೋಗಿ ಸೇರುವ ದಾರಿ. ನಮ್ಮ ಕಡೆಯವರಿಗೆ ಇದೇನೂ ವಿಚಿತ್ರ ಅಲ್ಲ. ಆಸ್ಪತ್ರೆ, ಸಂತೆ, ಸಂಬಂಧ ಎಲ್ಲಕ್ಕೂ ಹೀಗೇ ಗಡಿ ದಾಟುತ್ತಿರುತ್ತೇವೆ. ಇನ್ನೊಂದು ಉದ್ದದ ದಾರಿ. ದಿಂಬಂ ಘಾಟಿ ಇಳಿದು ಬಣ್ಣಾರಿ, ಮೆಟ್ಟುಪಾಳ್ಯಂ, ಕೋತಗಿರಿ, ಊಟಿ, ಗೂಡಲೂರು ಎಲ್ಲ ಸುತ್ತಿಕೊಂಡು ಹೋಗಬೇಕು. ಉದ್ದದ ದಾರಿಯಲ್ಲಿ ಹೋಗಿ ಸುಲಭದ ದಾರಿಯಲ್ಲಿ ವಾಪಸ್ ಬರೋಣ ಎಂದು ಹಟ ಹಿಡಿದವರು ನನ್ನ ಚಿಕ್ಕಪ್ಪ. ಹೀಗೆ ಸುತ್ತಿದರೆ ಮೋಯಾರ್ ಕಣಿವೆಗೆ ಒಂದು ಪ್ರದಕ್ಷಿಣೆ ಹಾಕಿದಂತೆ. ನದಿ ಮಾತ್ರ ಹೆಚ್ಚು ಕಡೆ ಕಾಣಿಸುವುದಿಲ್ಲ. ಅದರ ಕಥೆಗಳು ಸಿಗುತ್ತಾ ಹೋಗುತ್ತವೆ.

ಸಂಕ್ರಾಂತಿ ಕಳೆದ ವಾರ ಹೊರಟೆವು. ಕಾರು ಓಡಿಸುವವನು ಚಿಕ್ಕಪ್ಪನ ಮಗ, ನನಗೆ ತಮ್ಮ. ಚಿಕ್ಕಪ್ಪ ಹಿಂದೆ ಲಾರಿ ಓಡಿಸುತ್ತಿದ್ದವರು. ಈಗ ಮುಂದಿನ ಸೀಟಲ್ಲಿ ಕೂತು ಬಾಯಲ್ಲೇ ಗೇರ್ ಹಾಕುತ್ತಾರೆ.

ಮೊದಲ ದಿನ: ತಾಳವಾಡಿ – ಬಣ್ಣಾರಿ – ಕೋತಗಿರಿ

ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಬೆಳಿಗ್ಗೆ ಬಿಟ್ಟ ತಕ್ಷಣ ಹೋದರೆ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಳ್ಳುತ್ತೀರಿ. ಆದ್ದರಿಂದ ಹಾಸನೂರಲ್ಲಿ ನಿಧಾನಕ್ಕೆ ಇಡ್ಲಿ ತಿಂದೆವು. ಹೋಟೆಲ್ ಎದುರಿಗೇ ರಸ್ತೆ ಪಕ್ಕ ಕಬ್ಬಿನ ಜಲ್ಲೆಗಳು ಬಿದ್ದಿದ್ದವು. ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿಗಳ ವಾಸನೆ ಹಿಡಿದು ಇಲ್ಲಿ ಆನೆಗಳು ರಸ್ತೆಗೆ ಬಂದು ನಿಲ್ಲುತ್ತವೆ.

"ಅದಕ್ಕೂ ಟೋಲ್ ಕಟ್ಬೇಕು ಕಣ್ ಮಗಾ. ಎರಡು ಜಲ್ಲೆ ಎಳ್ಕಂಡ್ರ ಸುಮ್ನ ದಾರಿ ಬುಡ್ತದ" ಎಂದರು ಚಿಕ್ಕಪ್ಪ.

ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ಚಿಕ್ಕಪ್ಪನ ಹತ್ತಿರ ಒಂದು ಉರುಳಿದ ಲಾರಿಯ ಕಥೆ ಇದೆ. ಒಂದು ಕಡೆ ಹದಿನಾಲ್ಕು ಗಾಲಿಯ ಲಾರಿ ತಿರುಗಲಾರದೆ ನಿಂತು, ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಬಾನೆಟ್ ಮೇಲೆ ಬಂದು ಕೂತ ಮಂಗ ವೈಪರಿನ ರಬ್ಬರ್ ಕಿತ್ತುಕೊಂಡು ಹೋಯಿತು. ಇಳಿದು ಗದರುವುದಕ್ಕೆ ಧೈರ್ಯ ಸಾಲಲಿಲ್ಲ.

ಇದೇ ಕಾಡು ವೀರಪ್ಪನ್ ಓಡಾಡಿದ ಕಾಡು. 2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು ತಾಳವಾಡಿ ಪಕ್ಕದ ಗಾಜನೂರಿನ ಮನೆಯಿಂದ. ಬಿಡುಗಡೆಯಾಗಿದ್ದು 108 ದಿನದ ಮೇಲೆ. ಆ ದಿನಗಳ ಬಗ್ಗೆ ನಮ್ಮ ಕಡೆ ಒಬ್ಬೊಬ್ಬರ ಹತ್ತಿರ ಒಂದೊಂದು ಕಥೆ ಇದೆ. ವೀರಪ್ಪನ್ ತಮ್ಮ ಮನೆಗೇ ಬಂದು ನೀರು ಕೇಳಿದ್ದ ಎನ್ನುವವರನ್ನೆಲ್ಲ ಸೇರಿಸಿದರೆ ಒಂದು ಸಣ್ಣ ಊರೇ ಆದೀತು. ಕಣ್ಣೆದುರು ನಡೆದದ್ದೇ ಇಷ್ಟು ಬೆಳೆಯುತ್ತದೆ ಅಂದಮೇಲೆ, ನೂರಾರು ವರ್ಷದ ಕಥೆಗಳು ಹೇಗೆ ಬೆಳೆದಿರಬಹುದು ಅಂತ ಯೋಚಿಸಿ.

ಘಾಟಿ ಮುಗಿದರೆ ಬಣ್ಣಾರಿ. ಮಾರಿಯಮ್ಮನ ಗುಡಿಯಲ್ಲಿ ಬರುವ ಭಕ್ತರಲ್ಲಿ ಕನ್ನಡದವರು ಬೇಕಾದಷ್ಟು ಜನ. ಇಲ್ಲಿ ಪ್ರಸಾದಕ್ಕೆ ವಿಭೂತಿಯ ಬದಲು ಹುತ್ತದ ಮಣ್ಣು ಕೊಡುತ್ತಾರೆ. ಅಮ್ಮ ಇಲ್ಲಿ ನೆಲೆಸಿದ ಕಥೆ ಹೀಗಿದೆ. ಹಸುವೊಂದು ದಿನಾ ಹಟ್ಟಿ ಬಿಟ್ಟು ಬಂದು, ಹಳ್ಳದ ಪಕ್ಕ ಒಂದು ಮರದ ಕೆಳಗೆ ತಾನಾಗೇ ಹಾಲು ಸುರಿಸುತ್ತಿತ್ತಂತೆ. ದನ ಕಾಯುವವನು ಹಿಂದೆಯೇ ಬಂದು ನೋಡಿದರೆ ಹುಲ್ಲಿನ ಮಧ್ಯೆ ಹುತ್ತ. ಅಲ್ಲಿದ್ದ ಒಬ್ಬರ ಮೈಮೇಲೆ ಅಮ್ಮ ಬಂದಳು. ಕೇರಳದ ಮಣ್ಣಾರ್ಕಾಡಿನಿಂದ ಎತ್ತಿನ ಮೇಲೆ ಸರಕು ಹೇರಿಕೊಂಡು ಮೈಸೂರಿಗೆ ಹೋಗುತ್ತಿದ್ದ ವ್ಯಾಪಾರಿಗಳ ಕಾವಲಿಗೆ ಬಂದೆ, ಜಾಗ ಹಿಡಿಸಿತು, ಇಲ್ಲೇ ಉಳಿದೆ ಎಂದಳು.

ದಾರಿಯಲ್ಲಿ ಹೋಗುತ್ತಾ ಜಾಗ ಇಷ್ಟವಾಗಿ ಉಳಿದುಬಿಡುವ ದೇವರು ನನಗೆ ಬಹಳ ಇಷ್ಟ. ಹೂವು ಮಾರುವ ಅಕ್ಕನನ್ನು ಕೊಂಡ ಹಾಯುವುದು ಯಾವಾಗ ಎಂದು ಕೇಳಿದೆ. "ಪಂಗುಣಿಲಿ ಬನ್ನಿ ಅಣ್ಣ. ಆದ್ರ ಕಾರ್ ತರಬೇಡಿ. ಎಲ್ಲೋ ಮೈಲಿ ದೂರ ನಿಲ್ಸಿ ನಡ್ಕಂಡೇ ಬರ್ಬೇಕು" ಎಂದರು. ಪಂಗುಣಿ ಅಂದರೆ ತಮಿಳು ತಿಂಗಳು, ಮಾರ್ಚ್-ಏಪ್ರಿಲ್ ಹೊತ್ತು.

ಭವಾನಿಸಾಗರಕ್ಕೆ ಮಧ್ಯಾಹ್ನದ ಹೊತ್ತಿಗೆ ಬಂದೆವು. ಮೋಯಾರ್ ನದಿ ಭವಾನಿಯನ್ನು ಸೇರುವುದು ಈ ಜಲಾಶಯದಲ್ಲೇ. ಅಣೆಕಟ್ಟು ಕಟ್ಟಿ ಮುಗಿದಿದ್ದು 1955ರಲ್ಲಿ. ನೀರಿನ ಕೆಳಗೆ ಡಣಾಯಕನ ಕೋಟೆ ಇದೆ. ಹೊಯ್ಸಳರ ದಂಡನಾಯಕರು ಕಟ್ಟಿದ ಕೋಟೆ ಅದು. ಮೂರನೇ ಬಲ್ಲಾಳನ ಕಾಲದ ಮಾಧವ ದಂಡನಾಯಕ ಇಲ್ಲಿಂದ ಆಳುತ್ತಿದ್ದ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಾತ್ರ ಮಾಧವರಾಯ ಪೆರುಮಾಳ್ ಗುಡಿ ಮೇಲೆ ಕಾಣುತ್ತದೆ. ನಾವು ಹೋದಾಗ ಜಲಾಶಯ ತುಂಬಿತ್ತು. ಅಣೆಕಟ್ಟಿನ ಹತ್ತಿರ ಕಣ್ಣೆದುರೇ ಮೀನು ಹುರಿದು ಕೊಡುತ್ತಾರೆ. ಮಸಾಲೆ ಸ್ವಲ್ಪ ಕರುಕಲಾಗಿ, ಮೇಲೆ ಈರುಳ್ಳಿ ಹಾಕಿ, ಬಾಳೆ ಎಲೆಯಲ್ಲಿ. ಕೋಟೆ ಕಾಣಲಿಲ್ಲ ಎಂಬ ಬೇಜಾರು ಅಲ್ಲೇ ಹೋಯಿತು.

ಚಿಕ್ಕಪ್ಪ ಮೀನಿನ ಮುಳ್ಳು ಬಿಡಿಸುತ್ತಾ ಗಜ್ಜಲಹಟ್ಟಿ ಕಣಿವೆ ಕಡೆ ಕೈ ತೋರಿಸಿದರು. ಮೈಸೂರು ಸೀಮೆಯಿಂದ ಕೊಯಮತ್ತೂರು ಬಯಲಿಗೆ ಇಳಿಯುವ ಹಳೇ ದಾರಿ ಅದು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸೈನ್ಯ ಅದೇ ಕಣಿವೆಯಲ್ಲಿ ಇಳಿದು ಮೋಯಾರ್, ಭವಾನಿ ದಾಟಿ, ಸತ್ಯಮಂಗಲದಲ್ಲಿದ್ದ ಕರ್ನಲ್ ಫ್ಲಾಯ್ಡ್‌ನ ಪಡೆಯ ಮೇಲೆ ಬಿತ್ತು. ಫ್ಲಾಯ್ಡ್ ಫಿರಂಗಿಗಳನ್ನೇ ಬಿಟ್ಟು ಹಿಂದೆ ಸರಿಯಬೇಕಾಯಿತು. ಮೋಯಾರ್ ದಾಟಿ ಬಂದವರ ಪಟ್ಟಿ ನನ್ನ ತಲೆಯಲ್ಲಿ ಶುರುವಾಗಿದ್ದು ಅಲ್ಲಿ.

ಸಂಜೆ ಕುಂಜಪ್ಪನೈ ಚೆಕ್‌ಪೋಸ್ಟ್. ನೀಲಗಿರಿಗೆ ಹೊರಗಿನ ಗಾಡಿಗಳಿಗೆ ಈಗ ಇ-ಪಾಸ್ ಬೇಕು. ಮನೆಯಲ್ಲೇ ಮಾಡಿಕೊಂಡು ಫೋಟೋ ಇಟ್ಟುಕೊಳ್ಳಿ, ಘಾಟಿಯಲ್ಲಿ ನೆಟ್‌ವರ್ಕ್ ನಂಬಬೇಡಿ. ಪಾಸ್ ಸರಿ ಇತ್ತು. ಸಿಕ್ಕಿಬಿದ್ದಿದ್ದು ಚಿಕ್ಕಪ್ಪನ ಸೀಟಿನ ಕೆಳಗೆ ಇದ್ದ ಪ್ಲಾಸ್ಟಿಕ್ ನೀರಿನ ಬಾಟಲಿಗಳು. ಬೆಟ್ಟದ ಮೇಲೆ ಅವಕ್ಕೆ ಪ್ರವೇಶ ಇಲ್ಲ. ದುಡ್ಡು ಕೊಟ್ಟು ತಂದಿದ್ದೀನಿ ಎಂದು ಚಿಕ್ಕಪ್ಪ ಅಲ್ಲೇ ನಿಂತು ಎರಡು ಬಾಟಲಿ ನೀರು ಗಟಗಟ ಕುಡಿದು ಖಾಲಿ ಬಾಟಲಿ ಕೊಟ್ಟರು. ಆಮೇಲೆ ಕೋತಗಿರಿ ಮುಟ್ಟುವವರೆಗೆ ಎಷ್ಟು ಕಡೆ ಗಾಡಿ ನಿಲ್ಲಿಸಬೇಕಾಯಿತು ಅಂತ ಕೇಳಬೇಡಿ.

ಎರಡನೇ ದಿನ: ಕೋಡನಾಡು, ಬೇರಗಣಿ, ಊಟಿ

ಕೋಡನಾಡಿನ ವ್ಯೂ ಪಾಯಿಂಟಿಗೆ ಎಂಟು ಗಂಟೆಯ ಒಳಗೆ ಹೋಗಬೇಕು. ತಡವಾದರೆ ಮಂಜು ಮೇಲೆದ್ದು ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ನಮಗೆ ಅರ್ಧ ಗಂಟೆ ಸಿಕ್ಕಿತು. ಕೆಳಗೆ, ಬಹಳ ಕೆಳಗೆ, ಮೋಯಾರ್ ಕಣಿವೆ. ಕಾಡಿನ ಮಧ್ಯೆ ಒಂದು ಹಸಿರು ಚೌಕ ಕಂಡಿತು. ಅದು ತೆಂಗುಮರಹಾಡ. ನೀಲಗಿರಿ ಜಿಲ್ಲೆಯ ಊರು, ಆದರೆ ಅಲ್ಲಿಗೆ ಹೋಗಬೇಕಾದರೆ ಬಯಲಿಗೆ ಇಳಿದು ಭವಾನಿಸಾಗರದ ಕಡೆಯಿಂದ ಕಾಡು ದಾಟಬೇಕು. ಬಸ್ಸು ಹೊಳೆಯ ಈಚೆ ದಡದಲ್ಲಿ ನಿಲ್ಲುತ್ತದೆ. ಆಚೆಗೆ ಹರಿಗೋಲು. ಮೊಸಳೆ ಇರುವ ಹೊಳೆ ಅದು. ಆ ಊರನ್ನು ಕಾಡಿನಿಂದ ಹೊರಗೆ ತರುವ ಮಾತು ಕೋರ್ಟಿನವರೆಗೂ ಹೋಗಿದೆ.

ಒಂಟಿಯಾಗಿ ನಿಂತಿರುವ ಬೆಟ್ಟ ರಂಗಸ್ವಾಮಿ ಶಿಖರ. ಚಹಾ ಮಾರುತ್ತಿದ್ದ ಹಿರಿಯರು ಬಡಗರು, ನೀಲಗಿರಿ ಬೆಟ್ಟದ ಜನ. ನಾವು ಕನ್ನಡದಲ್ಲಿ ಕೇಳಿದೆವು, ಅವರು ಬಡಗದಲ್ಲಿ ಹೇಳಿದರು, ಮಧ್ಯೆ ಅಲ್ಲಲ್ಲಿ ತಮಿಳು. ಅರ್ಥವಾಗದೆ ಉಳಿದಿದ್ದು ಕಮ್ಮಿ.

ರಂಗಸ್ವಾಮಿ ಮೊದಲು ಇದ್ದದ್ದು ಕೆಳಗೆ ಬಯಲಲ್ಲಿ, ಕಾರಮಡೈಯಲ್ಲಿ. ಹೆಂಡತಿ ಜೊತೆ ಜಗಳ ಆಯಿತು. ಮುನಿಸಿಕೊಂಡು ಎದ್ದು ಬಂದು ಈ ಬೆಟ್ಟದ ಮೇಲೆ ಒಬ್ಬನೇ ಕೂತ. ಬೆಟ್ಟದ ಹತ್ತಿರ ಬಂಡೆಯ ಮೇಲೆ ಅವನ ಹೆಜ್ಜೆ ಗುರುತೂ ಇದೆಯಂತೆ. ಮೇಲೆ ಪೂಜೆ ಮಾಡುವವರು ಇರುಳರು, ಇಲ್ಲಿನ ಕಾಡಿನ ಜನ.

"ವಾಪಸ್ ಹೋಗ್ಲಿಲ್ವಾ?" ಎಂದು ಚಿಕ್ಕಪ್ಪ ಕೇಳಿದರು. ಇಲ್ಲ ಎಂದು ಆ ಹಿರಿಯರು ತಲೆ ಆಡಿಸಿದರು.

ಕಣಿವೆಯ ಉತ್ತರಕ್ಕೆ, ನಮ್ಮ ಕಡೆ, ಬಿಳಿಗಿರಿ ರಂಗನ ಕಥೆಯೂ ಸಂಸಾರದ್ದೇ. ಅವನು ಸೋಲಿಗರ ಹುಡುಗಿ ಕುಸುಮಾಲೆಗೆ ಮನಸೋತು ಮದುವೆಯಾದ. ಅದಕ್ಕೆ ಸೋಲಿಗರು ಇಂದಿಗೂ ರಂಗನನ್ನು ಭಾವ ಎಂದೇ ಕರೆಯುತ್ತಾರೆ. ಕಣಿವೆಯ ಈ ದಡದಲ್ಲಿ ಒಬ್ಬ ರಂಗ ಮನೆ ಬಿಟ್ಟು ಬಂದ, ಆ ದಡದಲ್ಲಿ ಒಬ್ಬ ರಂಗ ಕಾಡಿನ ಮನೆಗೆ ಅಳಿಯನಾದ. ಎರಡೂ ಕಡೆ ಕಾಡಿನವರು ದೇವರನ್ನು ಭಯದಿಂದ ದೂರ ಇಡಲಿಲ್ಲ. ಅವನ ಜಗಳ, ಮದುವೆ ಎಲ್ಲ ಬಲ್ಲ ನೆಂಟರ ಹಾಗೆ ಮಾತಾಡುತ್ತಾರೆ.

ಮಧ್ಯಾಹ್ನ ತಮ್ಮನ ಕಾಲೇಜು ಗೆಳೆಯನ ಮನೆಗೆ ಊಟಕ್ಕೆ ಹೋದೆವು. ಕೋತಗಿರಿ ಹತ್ತಿರದ ಬಡಗರ ಹಟ್ಟಿ. ಒಂದೇ ಸಾಲಿನ ಮನೆಗಳು, ಎದುರಿಗೆ ಟೀ ತೋಟ. ಊಟಕ್ಕೆ ರಾಗಿ ಹಿಟ್ಟು, ಅವರೆಯ ಉದಕ, ಆಮೇಲೆ ಎಣ್ಣೆಯಲ್ಲಿ ಕರಿದ ಸಿಹಿ ಹಿಟ್ಟು. ಮುದ್ದೆ ನುಂಗುವುದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಮನೆಯ ಅಜ್ಜಿಗೆ ಅದು ನೋಡಿ ಖುಷಿಯೋ ಖುಷಿ. ಬೇರೆ ಊರಿನಿಂದ ಬಂದವರು ಹಿಟ್ಟನ್ನು ಅಗಿದು ತಿನ್ನುತ್ತಾರೆ ಎಂದು ನಕ್ಕರು.

ಬಡಗರ ಮೂಲದ ಕಥೆಯನ್ನು ಆ ಅಜ್ಜಿಯೇ ಹೇಳಿದರು. ಏಳು ಜನ ಅಣ್ಣತಮ್ಮಂದಿರು, ಒಬ್ಬಳು ತಂಗಿ. ಇದ್ದದ್ದು ತಲಮಲೆ ಕಡೆ. ತಂಗಿ ಚೆಲುವೆ. ಸುಲ್ತಾನನೊಬ್ಬನ ಕಣ್ಣು ಅವಳ ಮೇಲೆ ಬಿತ್ತು. ಅಣ್ಣಂದಿರು ರಾತ್ರೋರಾತ್ರಿ ಅವಳನ್ನು ಕರೆದುಕೊಂಡು ಹೊರಟು, ಮೋಯಾರ್ ದಾಟಿ, ಬೆಟ್ಟ ಹತ್ತಿದರು. ಮೇಲೆ ಬಂದಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಹಟ್ಟಿ ಕಟ್ಟಿದರು. ತಲಮಲೆ ಅಂದರೆ ನಮ್ಮ ತಾಳವಾಡಿಯ ಪಕ್ಕದ್ದೇ. ಚಿಕ್ಕಪ್ಪ ಕೂಡಲೇ "ಹಂಗಾದ್ರ ನಾವು ನಿಮ್ಗೆ ಹಳೇ ನೆಂಟ್ರು" ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ವಿಜಯನಗರ ಬಿದ್ದಮೇಲಿನ ಗಲಾಟೆಯ ಕಾಲದಲ್ಲಿ ಮೈಸೂರು ಸೀಮೆಯಿಂದ ಜನ ಗುಂಪುಗುಂಪಾಗಿ ಬೆಟ್ಟಕ್ಕೆ ಬಂದರು ಎಂಬುದು ಅನೇಕ ವಿದ್ವಾಂಸರ ಮಾತು. ಅದು ಟಿಪ್ಪುಗಿಂತ ಬಹಳ ಹಿಂದಿನದು. ಆದರೂ ಕಥೆಯಲ್ಲಿ ಕೆಲವರು ಟಿಪ್ಪುವಿನ ಹೆಸರನ್ನೇ ಹೇಳುತ್ತಾರೆ. ನೆನಪಿನಲ್ಲಿ ಕೊನೆಗೆ ಉಳಿದ ಸುಲ್ತಾನ ಅವನೇ ತಾನೇ. ಇಸವಿ ತಪ್ಪಿತು ಎಂದು ಕಥೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಓಡಿಬಂದ ದಾರಿಯನ್ನು ಅದು ಸರಿಯಾಗೇ ನೆನಪಿಟ್ಟುಕೊಂಡಿದೆ.

ಬೇರಗಣಿಯ ಹೆತ್ತೆಯಮ್ಮನ ಗುಡಿಗೂ ಹೋದೆವು. ಬಡಗರ ಹಿರಿಯ ತಾಯಿ ಅವಳು. ಹೆತ್ತೆ ಹಬ್ಬ ಮುಗಿದು ಕೆಲವೇ ದಿನವಾಗಿತ್ತು. ಬಿಳಿ ಬಟ್ಟೆ ಉಟ್ಟು, ಬರಿಗಾಲಲ್ಲಿ, ಹಟ್ಟಿಯಿಂದ ಹಟ್ಟಿಗೆ ಸಾವಿರಾರು ಜನ ನಡೆಯುವ ಹಬ್ಬ. ನೋಡಬೇಕು ಅಂದರೆ ಡಿಸೆಂಬರ್ ಕೊನೆ, ಜನವರಿ ಮೊದಲಲ್ಲಿ ದಿನ ಕೇಳಿಕೊಂಡು ಬನ್ನಿ. ಊಟಿ ಮುಟ್ಟಿದಾಗ ಕತ್ತಲಾಗಿತ್ತು. ಊಟಿಯ ಬಗ್ಗೆ ಹೇಳಲು ಏನೂ ಇಲ್ಲ. ಎಲ್ಲರೂ ಹೇಳಿ ಮುಗಿಸಿದ್ದಾರೆ.

ಮೂರನೇ ದಿನ: ಊಟಿ – ಗೂಡಲೂರು – ತೆಪ್ಪಕಾಡು

ಬೆಳಿಗ್ಗೆ ತಲೈಕುಂದಾದ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಮಂಜು ಹೆಪ್ಪುಗಟ್ಟಿತ್ತು. ತಮ್ಮ ಬರಿಗೈಯಲ್ಲಿ ಕಾರಿನ ಗ್ಲಾಸು ಒರೆಸಲು ಹೋಗಿ ಬೆರಳು ಮರಗಟ್ಟಿಸಿಕೊಂಡ. ಇಲ್ಲಿಂದ ಮಸಿನಗುಡಿಗೆ ಹತ್ತಿರದ ದಾರಿ ಕಲ್ಹಟ್ಟಿ ಘಾಟಿ, 36 ಹೇರ್‌ಪಿನ್ ತಿರುವು. ಆದರೆ ಅಪಘಾತಗಳು ಜಾಸ್ತಿಯಾದ ಮೇಲೆ ಹೊರಗಿನ ಗಾಡಿಗಳನ್ನು ಅಲ್ಲಿ ಇಳಿಯಲು ಬಿಡುವುದಿಲ್ಲ. ನೀಲಗಿರಿ ನೋಂದಣಿ ಇರಬೇಕು. ಚಿಕ್ಕಪ್ಪನಿಗೆ ಇದು ದೊಡ್ಡ ಅವಮಾನ. "ದಿಂಬಮ್ಮಲ್ಲಿ ಲಾರಿ ಇಳ್ಸಿದವ್ನಿಗೆ ಕಾರ್ ಇಳ್ಸಕ್ ಬರಲ್ವಾ?" ಎಂದು ಚೆಕ್‌ಪೋಸ್ಟ್ ದಾಟಿ ಬಹಳ ಹೊತ್ತಿನವರೆಗೆ ಗೊಣಗಿದರು. ನಾವು ಪೈಕಾರ, ನಡುವಟ್ಟಂ, ಗೂಡಲೂರಿನ ಮೇಲೆ ಸುತ್ತಿ ಇಳಿದೆವು.

ಪೈಕಾರದ ಹತ್ತಿರ ಎಮ್ಮೆ ಸಾಕುವ ತೋಡರ ಮಂದು, ಅಂದರೆ ಹಟ್ಟಿ, ಒಂದರ ಪಕ್ಕ ಗಾಡಿ ನಿಲ್ಲಿಸಿದೆವು. ಒಳಗೆ ಹೋಗಲಿಲ್ಲ. ಜನ ವಾಸಿಸುವ ಜಾಗಕ್ಕೆ ಕ್ಯಾಮೆರಾ ಹಿಡಿದು ನುಗ್ಗುವುದು ನನಗೆ ಸರಿ ಕಾಣುವುದಿಲ್ಲ. ಎಮ್ಮೆಗಳು ರಸ್ತೆ ಪಕ್ಕವೇ ಮೇಯುತ್ತಿದ್ದವು. ಅಗಲಕ್ಕೆ ಬಾಗಿದ ಕೊಂಬು, ನಮ್ಮೂರ ಎಮ್ಮೆಗಿಂತ ಗಟ್ಟಿ ಮೈ, ಮುಖದಲ್ಲಿ ಯಾರಿಗೂ ಹೆದರದ ಕಳೆ. ತೋಡರ ಕಥೆಯ ಪ್ರಕಾರ ಆನ್ ಎಂಬ ದೇವರು ನೆಲದೊಳಗಿಂದ 1600 ಎಮ್ಮೆಗಳನ್ನು ಹೊರಗೆ ತಂದ. ಕೊನೆಯ ಎಮ್ಮೆಯ ಬಾಲ ಹಿಡಿದುಕೊಂಡು ಹೊರಬಂದವನೇ ಮೊದಲ ತೋಡ. ಸತ್ತಮೇಲೆ ಮನುಷ್ಯ ಮತ್ತು ಎಮ್ಮೆ ಎರಡರ ಆತ್ಮವೂ ಮುಕುರ್ತಿ ಶಿಖರದಿಂದ ಆಚೆ ಲೋಕಕ್ಕೆ ಜಿಗಿಯುತ್ತವೆ. ಆ ಶಿಖರವೂ ಈಗ ಒಂದು ರಾಷ್ಟ್ರೀಯ ಉದ್ಯಾನದ ಒಳಗಿದೆ. ಬೆಟ್ಟ ದಾಟಿ ಬಂದವರ ಕಥೆಗಳ ನಡುವೆ ಎಲ್ಲಿಂದಲೂ ಬಾರದೆ, ನೆಲದಿಂದಲೇ ಎದ್ದವರ ಕಥೆ ಇದೊಂದು.

ಗೂಡಲೂರಲ್ಲಿ ಮಲಯಾಳಿ ಹೋಟೆಲಿನ ಪರೋಟ ತಿಂದು ತೆಪ್ಪಕಾಡಿಗೆ ಬಂದೆವು. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬಾರದು, ಪ್ರಾಣಿಗಳಿಗೆ ಏನೂ ಎಸೆಯಬಾರದು. ದಂಡ ಬೀಳುತ್ತದೆ. ನಮ್ಮ ಮುಂದಿನ ಕಾರಿನವರು ಜಿಂಕೆಗೆ ಬಿಸ್ಕತ್ತು ಹಾಕಿ, ಗೇಟಿನಲ್ಲಿ ಕಟ್ಟಿ ಹೋದರು.

ಮುದುಮಲೈ ಕಾಡು ಒಂದು ಕಾಲಕ್ಕೆ ನಿಲಂಬೂರು ರಾಜನದು. 1857ರಲ್ಲಿ ಅವನು ಮರ ಕಡಿಯಲು ಬ್ರಿಟಿಷರಿಗೆ ಗುತ್ತಿಗೆಗೆ ಕೊಟ್ಟ. ತೇಗ ಕಡಿದರು, ಎಳೆಯಲು ಆನೆ ಬೇಕಾಯಿತು, ಆನೆ ಪಳಗಿಸಲು ಕಾಡಿನ ಜನ ಬೇಕಾದರು. ತೆಪ್ಪಕಾಡಿನ ಆನೆ ಶಿಬಿರ ಹುಟ್ಟಿದ್ದು ಹಾಗೆ. 1940ರಲ್ಲಿ ಸುಮಾರು 60 ಚದರ ಕಿಲೋಮೀಟರ್ ಕಾಡು ವನ್ಯಧಾಮವಾಯಿತು. ಈಗ ಅದು 321 ಚದರ ಕಿಲೋಮೀಟರ್. 1990ರಲ್ಲಿ ಒಂದು ಭಾಗ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಹುಲಿ ಮೀಸಲು. ಹೊರಗಿನವರು ತಿಳಿದಿರುವ ಇತಿಹಾಸ ಸಾಮಾನ್ಯವಾಗಿ ಇಷ್ಟೇ. ಅದರಲ್ಲಿ ಮರ ಇದೆ, ಹುಲಿ ಇದೆ. ಬೆನ್ನೆಯಂಥ ಊರುಗಳಲ್ಲಿ ಭತ್ತ ಬೆಳೆಯುತ್ತಿದ್ದ ಚೆಟ್ಟಿಗಳು, ಪಣಿಯರು, ಕುರುಂಬರು, ಕಾಟುನಾಯಕರು ಕಡಿಮೆ. ಆ ಊರಿನವರಲ್ಲಿ ಎಷ್ಟೋ ಮಂದಿ ಈಗ ಕಾಡಿನ ಹೊರಗೆ, ಅಯ್ಯನ್‌ಕೊಲ್ಲಿ ಕಡೆ ಇದ್ದಾರೆ.

ಸಂಜೆ ಆನೆಗಳಿಗೆ ಊಟ ಕೊಡುವುದನ್ನು ನೋಡಲು ಟಿಕೆಟ್ ಇದೆ. ಬೇಯಿಸಿದ ರಾಗಿ, ಹುರುಳಿ, ಅನ್ನ ಬೇರೆಬೇರೆ ಗುಡ್ಡೆ. ಒಂದೊಂದು ಆನೆಗೆ ಎಷ್ಟು ಎಂದು ಹಲಗೆಯ ಮೇಲೆ ಬರೆದಿದೆ. ಮಾವುತ ರಾಗಿ ಗುಡ್ಡೆಗೆ ಗುಳಿ ತೋಡಿ, ಬೆಲ್ಲ, ಉಪ್ಪು, ಖನಿಜದ ಪುಡಿ ಹಾಕಿ, ಎರಡೂ ಕೈಯಲ್ಲಿ ಮಿದ್ದು, ಬುರುಡೆ ಗಾತ್ರದ ಉಂಡೆ ಕಟ್ಟುತ್ತಾನೆ. ಆನೆ ಸೊಂಡಿಲು ಮೇಲೆತ್ತಿ ಬಾಯಿ ತೆರೆಯುತ್ತದೆ. ಮೊಣಕೈವರೆಗೆ ಕೈ ಒಳಗೆ ಹೋಗಿ, ಉಂಡೆ ಬಿಟ್ಟು ಹೊರಗೆ ಬರುತ್ತದೆ. ಒಂದು ಹೆಣ್ಣಾನೆ ಹುರುಳಿ ಉಂಡೆಯನ್ನು ಬಾಯಿಂದ ತೆಗೆದು ಕೆಳಗೆ ಹಾಕಿತು. ಮಾವುತ ಅದನ್ನೇ ಎತ್ತಿ, ಮೇಲೆ ಸ್ವಲ್ಪ ಬೆಲ್ಲ ಒತ್ತಿ ಮತ್ತೆ ಕೊಟ್ಟ. ಈ ಸಲ ತಿಂದಿತು. ನನ್ನ ಅಕ್ಕನ ಮಗನಿಗೆ ಊಟ ಮಾಡಿಸುವುದೂ ಇದೇ ಕ್ರಮದಲ್ಲೇ.

2023ರಲ್ಲಿ ಇಲ್ಲಿನ ಬೊಮ್ಮನ್ ಮತ್ತು ಬೆಳ್ಳಿ ದಂಪತಿ ಸಾಕಿದ ರಘು ಎಂಬ ಮರಿಯಾನೆಯ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದಮೇಲೆ ಜನ ಜಾಸ್ತಿ. "ರಘು ಎಲ್ಲಿ, ರಘು ಯಾವುದು" ಎಂಬುದೇ ಪ್ರಶ್ನೆ. ಒಬ್ಬ ವಯಸ್ಸಾದ ಮಾವುತರು ನಮ್ಮ ಕನ್ನಡ ಕೇಳಿ ಹತ್ತಿರ ಬಂದರು. ಕಾಟುನಾಯಕರು. ನಮ್ಮ ಜೇನು ಕುರುಬರ ಬಳಗದವರು. ಅವರ ಮಾತು ನಿಧಾನಕ್ಕೆ ಕೇಳಿದರೆ ಪೂರ್ತಿ ಹಿಡಿಯುತ್ತದೆ.

ಜೇನು ಕೀಳುವ ವಿಷಯ ಬಂತು. ಎತ್ತರದ ಬಂಡೆಯ ಅಂಚಿನಿಂದ ಬಳ್ಳಿಯ ಏಣಿ ಇಳಿಬಿಟ್ಟು, ಹೊಗೆ ಹಾಕಿ, ಹಾಡು ಹೇಳುತ್ತಾ ಇಳಿಯುತ್ತಾರೆ. ಹಾಡು ಜೇನುಹುಳಕ್ಕೆ. ಮೇಲೆ ಬಳ್ಳಿ ಕಾಯುವವನು ಹೆಂಡತಿಯ ಅಣ್ಣ ಅಥವಾ ತಮ್ಮನೇ ಆಗಬೇಕು. ಸ್ವಂತ ಅಣ್ಣತಮ್ಮನನ್ನು ನಂಬುವ ಹಾಗಿಲ್ಲ, ಆಸ್ತಿಗೆ ಪಾಲುದಾರ. ಭಾಮೈದನಾದರೆ ತನ್ನ ಅಕ್ಕತಂಗಿ ವಿಧವೆಯಾಗಲು ಬಿಡುವುದಿಲ್ಲ.

"ನಮ್ ಭಾಮೈದ ಆಗಿದ್ರ ಬಳ್ಳಿ ಬುಟ್ಟು ಬೀಡಿ ಸೇದಕ್ಕ ಹೋಗ್ತಿದ್ದ" ಎಂದರು ಚಿಕ್ಕಪ್ಪ. ಆ ಹಿರಿಯರು ನಗುತ್ತಾ ನಗುತ್ತಾ ಕೆಮ್ಮಿದರು.

ನಾಲ್ಕನೇ ದಿನ: ಮಸಿನಗುಡಿ

ಬೆಳಗಿನ ಸಫಾರಿಯಲ್ಲಿ ಕಾಟಿ, ಲಂಗೂರ್, ಒಂದು ಮುಂಗುಸಿ. ಅಷ್ಟೇ. ಹುಲಿ ನೋಡಲೇಬೇಕು ಎಂದು ಬಂದಿದ್ದ ಹಿಂದಿನ ಸೀಟಿನವರು ಮುಂಗುಸಿಗೂ ಮುಖ ತಿರುಗಿಸಿದರು.

ಹುಲಿ ಸಿಕ್ಕಿದ್ದು ಚಹಾ ಅಂಗಡಿಯಲ್ಲಿ. 2021ರಲ್ಲಿ ಟಿ23 ಎಂಬ ಗಂಡುಹುಲಿಯನ್ನು ಹಿಡಿಯಲು ಇಲ್ಲಿ ಮೂರು ವಾರ ಹುಡುಕಾಟ ನಡೆದಿತ್ತು. ನಾಲ್ಕು ಜನ ಸತ್ತಿದ್ದರು. ಕ್ಯಾಮೆರಾ, ಡ್ರೋನ್, ನಾಯಿ, ಪಳಗಿದ ಆನೆ ಎಲ್ಲ ಬಂದಿದ್ದವು. ಕೊಲ್ಲಬೇಡಿ, ಜೀವಂತ ಹಿಡಿಯಿರಿ ಎಂದು ಕೋರ್ಟ್ ಹೇಳಿತ್ತು. ಅಕ್ಟೋಬರ್ 15ರಂದು ಅರಿವಳಿಕೆ ಕೊಟ್ಟು ಹಿಡಿದು ಮೈಸೂರಿಗೆ ಸಾಗಿಸಿದರು. ಇದು ಪತ್ರಿಕೆಗಳಲ್ಲಿ ಬಂದದ್ದು. ಅಂಗಡಿಯಲ್ಲಿ ಕೇಳಿದ್ದು ಬೇರೆ. ಒಬ್ಬರ ಪ್ರಕಾರ ಹುಲಿ ತಾನಾಗೇ ರಸ್ತೆಗೆ ಬಂದು ನಿಂತಿತು, ಅಮ್ಮನಿಗೆ ಹರಕೆ ಹೊತ್ತಮೇಲೆ. ಇನ್ನೊಬ್ಬರ ಪ್ರಕಾರ ಅದು ಒಂದೇ ಹುಲಿ ಅಲ್ಲವೇ ಅಲ್ಲ. ಅಂಗಡಿಯ ಅಮ್ಮ ಬಜ್ಜಿ ತಿರುವುತ್ತಲೇ, ಹಿಡಿದ ರಾತ್ರಿ ತಮ್ಮ ಹಸುಗಳೆಲ್ಲ ಒಟ್ಟಿಗೆ ಕೂಗಿದವು ಎಂದರು. ನಮ್ಮ ಕಡೆ ಹುಲಿ ಎಂದರೆ ಮಾದಪ್ಪನ ವಾಹನ. ಚಿಕ್ಕಪ್ಪ ತಮ್ಮ ಪಾಲಿಗೆ ಅದನ್ನೂ ಸೇರಿಸಿದರು. ಇನ್ನು ಹತ್ತು ವರ್ಷಕ್ಕೆ ಟಿ23ರ ಕಥೆಯಲ್ಲಿ ಮಾದಪ್ಪ ಬಂದರೆ ಅದು ಯಾರ ಕೆಲಸ ಎಂದು ನನಗೆ ಗೊತ್ತು.

ಹಸು ಎಂದಾಗ ನೆನಪಾಯಿತು. ಇಲ್ಲಿ ದನಗಳನ್ನು ಸಾಕುವುದು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆ. ಹಗಲು ಕಾಡಂಚಿನಲ್ಲಿ ಮೇಯ್ದು ಬಂದ ದನ ರಾತ್ರಿ ದೊಡ್ಡಿಯಲ್ಲಿ ಹಾಕಿದ ಸಗಣಿ ಒಣಗಿ, ಲಾರಿಯಲ್ಲಿ ಕೇರಳದ ತೋಟಗಳಿಗೆ ಹೋಗುತ್ತದೆ. ಹುಲಿಗೂ ಹಳ್ಳಿಗೂ ಜಗಳ ಶುರುವಾಗುವುದು ಎಷ್ಟೋ ಸಲ ಈ ದನಗಳಿಂದ. ಗೊಬ್ಬರ ಕೊಂಡು ಕಾಫಿ ಬೆಳೆಯುವವರು ದೂರದಲ್ಲಿರುತ್ತಾರೆ, ದನ ಕಾಯುವವನು ಮಾತ್ರ ಲಂಟಾನದ ಪೊದೆ ಪಕ್ಕ ನಿಂತಿರುತ್ತಾನೆ. ಬೈಗುಳ ಬೀಳುವುದು ಅವನಿಗೆ.

ಮಸಿನಗುಡಿ ಇಷ್ಟು ದೊಡ್ಡದಾಗಿದ್ದರಲ್ಲಿ ವಿದ್ಯುತ್ ಯೋಜನೆಗಳ ಪಾಲು ದೊಡ್ಡದು. ಸಿಂಗಾರದ ಪೈಕಾರ ವಿದ್ಯುತ್ ಕೇಂದ್ರ 1932ರದು, ಮೋಯಾರ್ ಕೇಂದ್ರ 1950ರ ದಶಕದ್ದು. ಕೆಲಸಕ್ಕೆ ಬಂದವರು ಇಲ್ಲೇ ಉಳಿದರು. ಬಣ್ಣಾರಿ ಅಮ್ಮನ ಹಾಗೆಯೇ.

ಮಧ್ಯಾಹ್ನ ಜೀಪಿನಲ್ಲಿ ಬೊಕ್ಕಾಪುರದ ಮಾರಿಯಮ್ಮನ ಗುಡಿಗೆ ಹೋದೆವು. ಹಿಂದೆ ನೀಲಗಿರಿಯ ಗೋಡೆ ನೆಟ್ಟಗೆ ನಿಂತಿದೆ. ಎದುರಿಗೆ ಬಯಲು, ಒಣಗಿದ ಹುಲ್ಲು, ಅಲ್ಲಲ್ಲಿ ಆನೆ ಲದ್ದಿ. ಮಸಿನಗುಡಿ, ಬೊಕ್ಕಾಪುರ, ಸಿರಿಯೂರು, ಆನೆಕಟ್ಟಿಯ ಅಮ್ಮಂದಿರೆಲ್ಲ ಅಕ್ಕತಂಗಿಯರು ಎನ್ನುತ್ತಾರೆ. ಜಾತ್ರೆಗಳು ಚಳಿ ಕಳೆಯುವ ಹೊತ್ತಿಗೆ. ಆಗ ಬೆಟ್ಟದ ಮೇಲಿನ ಬಡಗರು, ಕೆಳಗಿನ ಇರುಳರು, ಕುರುಂಬರು, ಗಡಿಯಾಚೆಯ ನಮ್ಮವರು ಎಲ್ಲ ಸೇರುತ್ತಾರೆ. ಇದು ಆನೆಗಳೂ ಓಡಾಡುವ ದಾರಿ. ಆನೆ ದಾರಿಯಲ್ಲಿದ್ದ ರೆಸಾರ್ಟುಗಳಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಬೀಗ ಬಿತ್ತು. ರೂಮು ಹಿಡಿಯುವಾಗ ಊರೊಳಗಿನದ್ದನ್ನೇ ಹಿಡಿಯಿರಿ. ಕಾಡಿನ ಮಧ್ಯೆ ಕ್ಯಾಂಪ್‌ಫೈರ್ ಎಂದು ಆಸೆ ತೋರಿಸುವವರನ್ನು ನಂಬಬೇಡಿ.

ಹಿಂದಕ್ಕೆ ಬರುವಾಗ ಜೀಪಿನ ಟೈರ್ ಪಂಕ್ಚರ್. ಡ್ರೈವರ್ ಜಾಕ್ ಹಾಕುವಷ್ಟು ಹೊತ್ತೂ ನಮ್ಮನ್ನು ಸುತ್ತ ಕಾವಲು ನಿಲ್ಲಿಸಿ, ರಿವಾಲ್ಡೋ ಎಂಬ ಆನೆಯ ಕಥೆ ಹೇಳಿದ. ಸೊಂಡಿಲಿಗೆ ಗಾಯವಾಗಿ, ಊರಿನಲ್ಲೇ ಅಡ್ಡಾಡಿಕೊಂಡಿದ್ದ ಸಲಗ ಅದು. 2021ರಲ್ಲಿ ಹಿಡಿದು ಕ್ರಾಲ್‌ನಲ್ಲಿ, ಅಂದರೆ ಮರದ ದಿಮ್ಮಿಯ ದೊಡ್ಡಿಯಲ್ಲಿ, ಇಟ್ಟರು, ಕೆಲವು ತಿಂಗಳಿಗೆ ದೂರದ ಕಾಡಿಗೆ ಬಿಟ್ಟರು. ಬಿಟ್ಟ ಒಂದೇ ದಿನದಲ್ಲಿ ಹತ್ತಾರು ಕಿಲೋಮೀಟರ್ ನಡೆದು ಅದು ಮತ್ತೆ ಮಸಿನಗುಡಿ ಕಡೆಗೇ ಬಂತು. "ಅದಕ್ಕೂ ಆಧಾರ್ ಕಾರ್ಡ್ ಇಲ್ಲಿನದ್ದೇ ಸಾರ್" ಎಂದು ನಟ್ಟು ಬಿಗಿದ.

ಐದನೇ ದಿನ: ಬಂಡೀಪುರ – ಚಾಮರಾಜನಗರ

ತೆಪ್ಪಕಾಡಿನಿಂದ ಕೆಕ್ಕನಹಳ್ಳದವರೆಗೆ ತಮಿಳುನಾಡು, ಆಮೇಲೆ ಬಂಡೀಪುರ. ಮರಗಳಿಗೆ ಗಡಿ ಗೊತ್ತಿಲ್ಲ, ರಸ್ತೆಯ ಡಾಂಬರಿಗೆ ಮಾತ್ರ ಗೊತ್ತು. ಇಲ್ಲಿಯೂ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗಾಡಿ ಬಿಡುವುದಿಲ್ಲ. ಮೈಸೂರು ಮಹಾರಾಜರು 1941ರಲ್ಲಿ ಈ ಕಾಡಿಗೆ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಹೆಸರಿಟ್ಟಿದ್ದರು, ಗೋಪಾಲಸ್ವಾಮಿ ಬೆಟ್ಟದ ದೇವರ ಮೇಲೆ. 1973ರಲ್ಲಿ ಹುಲಿ ಯೋಜನೆ ಬಂದಾಗ ಮೊದಲ ಪಟ್ಟಿಯಲ್ಲೇ ಬಂಡೀಪುರ ಇತ್ತು. ಗುಂಡ್ಲುಪೇಟೆಯಲ್ಲಿ ದೋಸೆ ತಿಂದು ಹೊರಟೆವು.

ಚಾಮರಾಜನಗರದಲ್ಲಿ ಪಾರ್ಶ್ವನಾಥ ಬಸದಿಗೆ ಹೋಗಲೇಬೇಕು ಎಂದು ಈ ಸಲ ಹಟ ಮಾಡಿದವನು ನಾನು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಕಟ್ಟಿಸಿದ ಬಸದಿ ಇದು. ಅದರ 1117ರ ಕನ್ನಡ ಶಾಸನದಲ್ಲಿ ನೀಲಗಿರಿಯ ಹೆಸರಿದೆ, ತೋಡರ ಹೆಸರಿದೆ. ನೀಲಗಿರಿ, ತೋಡರು ಎರಡರ ಬಗ್ಗೆಯೂ ನಮಗೆ ಸಿಕ್ಕಿರುವ ಬಹಳ ಹಳೆಯ ಬರಹ ಇದೇ. ಪುಣಿಸ ತೋಡರನ್ನು ಹೆದರಿಸಿದ, ಕೊಯಮತ್ತೂರು ಕಡೆಯ ಕೊಂಗರನ್ನು ನೆಲದೊಳಕ್ಕೆ ಓಡಿಸಿದ, ನೀಲಾದ್ರಿಯನ್ನು ಹೊಕ್ಕು ಅದರ ಶಿಖರವನ್ನು ವಿಜಯಲಕ್ಷ್ಮಿಗೆ ಅರ್ಪಿಸಿದ ಎಂದು ಹೊಗಳಿಕೆ ಸಾಗುತ್ತದೆ. ಮೋಯಾರ್ ದಾಟಿದವರ ನನ್ನ ಪಟ್ಟಿಯಲ್ಲಿ ಇಸವಿ ಸಮೇತ ಸಿಗುವ ಮೊದಲಿಗ ಇವನೇ. ಅಲ್ಲಿ ಇವನ ಎದುರು ನಿಂತವರ ಪರವಾಗಿ ಯಾರೂ ಕಲ್ಲು ನೆಡಲಿಲ್ಲ.

ಚಿಕ್ಕಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಪೈಕಾರದಲ್ಲಿ ಕಂಡ ಎಮ್ಮೆಗಳನ್ನು ನೆನೆಸಿಕೊಂಡರೋ ಏನೋ, ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಎಮ್ಮೆ ಕಾಯೋರ್ನ ಹೆದ್ರಸಕ್ಕ ಹೊಯ್ಸಳ್ರು ದಂಡ್ ಕಳಿಸ್ಬೇಕಿತ್ತಾ? ಆ ಎಮ್ಮೆ ನೋಡಿದ್ಯಲ್ಲ ಮಗಾ, ಹೆದ್ರಿದೋನು ಇವನೇ ಇರ್ಬೇಕು" ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, ಪುಣಜನೂರು ದಾರಿ ಬೇಡ, ಒಳದಾರಿ ಹಿಡಿ, ಸಂತೆ ಮುಗಿಯುವುದರೊಳಗೆ ಈರುಳ್ಳಿ ತಗೊಂಡು ಹೋಗಬೇಕು, ಚಿಕ್ಕಮ್ಮ ಹೇಳಿದ್ದಾಳೆ ಎಂದರು.